ಲೂಪೆಯ ಕಾರ್ಡುಗಳು, ನನ್ನ ಹೊಟ್ಟೆಕಿಚ್ಚು

ಹೊರಡುವ ಮೊದಲು

ಅಮೆರಿಕಕ್ಕೆ ಹೋಗಿ ಬಂದವರು ಜಲಪಾತದ ಬಗ್ಗೆ ಬರೆಯುತ್ತಾರೆ, ಮುಗಿಲು ಮುಟ್ಟುವ ಕಟ್ಟಡಗಳ ಬಗ್ಗೆ ಬರೆಯುತ್ತಾರೆ. ನಾನು ಜಲಪಾತ ನೋಡಲಿಲ್ಲ. ಕಟ್ಟಡ ನೋಡಲು ಕತ್ತೆತ್ತಿದಾಗಲೆಲ್ಲ ಮಾರ್ಚ್ ತಿಂಗಳ ಗಾಳಿ ಸೆರಗನ್ನು ತಂದು ಮುಖಕ್ಕೆ ಹೊಡೆಯುತ್ತಿತ್ತು. ಆರು ವಾರ ಅಲ್ಲಿದ್ದು ನಾನು ಮನಸ್ಸಿಟ್ಟು ಮಾಡಿದ ಕೆಲಸ ಒಂದೇ, ಹೊಟ್ಟೆಕಿಚ್ಚು ಪಟ್ಟದ್ದು. ಆದ್ದರಿಂದ ಅದನ್ನೇ ಬರೆಯುತ್ತೇನೆ.

ನಾನು ಮೈಸೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಗಣಿತ ಹೇಳಿಕೊಡುವವಳು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರು ಬರುವುದಕ್ಕೆ ಕೆಲವು ವರ್ಷ ಮೊದಲು ನಮ್ಮ ಪಠ್ಯಕ್ಕೆ ಕಂಪ್ಯೂಟರ್ ಎಂಬ ಹೊಸ ವಿಷಯ ಬಂತು. ವಿಷಯ ಬಂತು, ಕಂಪ್ಯೂಟರ್ ಬರಲಿಲ್ಲ. ಹುಡುಗಿಯರು ಪ್ರೋಗ್ರಾಮನ್ನು ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ನಾನು ಅವನ್ನೆಲ್ಲ ಕಟ್ಟು ಕಟ್ಟಿ ಬೆಂಗಳೂರಿನ ಒಂದು ಸಂಸ್ಥೆಗೆ ಅಂಚೆಯಲ್ಲಿ ಕಳಿಸುತ್ತಿದ್ದೆ. ಅಲ್ಲಿ ಯಾರೋ ಪುಣ್ಯಾತ್ಮರು ಒಂದೊಂದು ಸಾಲಿಗೆ ಒಂದೊಂದು ರಟ್ಟಿನ ಕಾರ್ಡಿನಂತೆ ತೂತು ಹೊಡೆದು, ಆ ಕಾರ್ಡುಗಳನ್ನು ಯಂತ್ರಕ್ಕೆ ತಿನ್ನಿಸಿ, ಅದು ಅಚ್ಚು ಹಾಕಿದ ಹಾಳೆಯನ್ನು ವಾಪಸು ಕಳಿಸುತ್ತಿದ್ದರು. ಇದಕ್ಕೆ ಮೂರು ವಾರ, ಒಮ್ಮೊಮ್ಮೆ ಐದು. ಬಂದ ಹಾಳೆಯಲ್ಲಿ ಉತ್ತರದ ಬದಲು, ಹನ್ನೊಂದನೆಯ ಸಾಲಿನಲ್ಲಿ ಒಂದು ಕಾಮಾ ಇಲ್ಲ ಎಂಬ ದೂರು ಇರುತ್ತಿತ್ತು. ಮತ್ತೆ ಅಂಚೆ, ಮತ್ತೆ ಮೂರು ವಾರ.

ಹೀಗಾಗಿ ನಾವೇ ಒಂದು ಉಪಾಯ ಕಂಡುಕೊಂಡಿದ್ದೆವು. ಪ್ರೋಗ್ರಾಮಿನಲ್ಲಿ ಎಷ್ಟು ಹೆಸರುಗಳಿವೆಯೋ ಅಷ್ಟು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬಳ ಕೈಗೆ ಒಂದೊಂದು ಸ್ಲೇಟು ಕೊಡುತ್ತಿದ್ದೆ. ಒಬ್ಬಳು ಎಣಿಕೆ, ಒಬ್ಬಳು ಮೊತ್ತ, ಇನ್ನೊಬ್ಬಳು ಶೇಷ. ನಾನು ಸಾಲುಗಳನ್ನು ಒಂದೊಂದಾಗಿ ಓದಬೇಕು, ಅವರು ಹೇಳಿದ್ದನ್ನಷ್ಟೇ ಬರೆಯಬೇಕು, ಹೇಳಿದಾಗ ಮಾತ್ರ ಒರೆಸಬೇಕು. ಸ್ವಂತ ಬುದ್ಧಿ ಉಪಯೋಗಿಸಿದವಳು ಔಟ್. ಪಕ್ಕದ ಕೋಣೆಯ ಸಂಸ್ಕೃತ ಮೇಷ್ಟ್ರು ಇದನ್ನು ನೋಡಿ, 'ಏನಮ್ಮಾ, ಬಿ.ಎಸ್ಸಿ. ಹುಡುಗೀರಿಗೆ ಮತ್ತೆ ಅಕ್ಷರಾಭ್ಯಾಸ ಮಾಡಿಸ್ತಿದೀರಾ?' ಎಂದು ನಗುತ್ತಿದ್ದರು. ನಗಲಿ. ನಮ್ಮ ತಪ್ಪುಗಳಲ್ಲಿ ಮುಕ್ಕಾಲು ಪಾಲು ಅಂಚೆ ಡಬ್ಬಿಗೆ ಬೀಳುವ ಮೊದಲೇ ಸಿಗುತ್ತಿದ್ದವು.

ಈ ಆಟದಲ್ಲಿ ಎಲ್ಲರನ್ನೂ ಮೀರಿಸಿದವಳು ಸಾವಿತ್ರಿ. ಐದುನೂರರೊಳಗಿನ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಿ ಎಣಿಸುವ ಪ್ರೋಗ್ರಾಮು ಬರೆದಳು. ಮೊದಲ ಸಲ ಕಾಮಾ ಇಲ್ಲವೆಂದು ವಾಪಸು ಬಂತು, ಎರಡನೆಯ ಸಲ ಅಂಚೆಯಲ್ಲೇ ಕಳೆದುಹೋಯಿತು. ಮೂರನೆಯ ಸಲ ಕಳಿಸಿ ಕಾಯುತ್ತಿರುವಾಗ ಮದುವೆ ನಿಶ್ಚಯವಾಯಿತು. ಮುಂದೆ ಓದಬೇಕು ಎಂದು ಅವಳು ಅತ್ತದ್ದು ನನಗೆ ಗೊತ್ತು. ಅವಳಪ್ಪ, 'ಕಂಪ್ಯೂಟರು ಕಂಪ್ಯೂಟರು ಅಂತೀಯ, ಅದನ್ನ ನೀನೇ ಕಣ್ಣಲ್ಲಿ ನೋಡಿಲ್ಲ' ಎಂದರಂತೆ. ನಾನು ಮದುವೆಗೆ ಹೋಗಿ ಊಟ ಮಾಡಿ ಬೆಳ್ಳಿಯ ಕುಂಕುಮದ ಬಟ್ಟಲು ಕೊಟ್ಟು ಬಂದೆ. ಒಂಬತ್ತು ದಿನದ ಮೇಲೆ ಹಾಳೆ ಬಂತು. ಒಂದು ತಪ್ಪೂ ಇರಲಿಲ್ಲ. ಅದನ್ನು ಅವಳಿಗೆ ಕೊಟ್ಟು ಯಾಕೆ ಹೊಟ್ಟೆ ಉರಿಸಲಿ ಎಂದು ನನ್ನ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ನಾಲ್ಕು ವರ್ಷದಿಂದ ಅದು ಅಲ್ಲೇ ಇತ್ತು.

ಬೇರೆ ದೇಶಗಳ ಅಧ್ಯಾಪಕರು ಬಂದು ಕಂಪ್ಯೂಟರ್ ಪಾಠ ನೋಡಿಕೊಂಡು ಹೋಗಲಿ ಎಂದು ಷಿಕಾಗೊದ ಒಂದು ಕಾಲೇಜಿನಿಂದ ಕರೆ ಬಂದಾಗ ನಾನು ಸುಮ್ಮನೆ ಅರ್ಜಿ ಹಾಕಿದ್ದೆ. ಅದು ಒಪ್ಪಿಗೆಯಾದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ನನ್ನ ಮೇಲೆ ಹೊಟ್ಟೆಕಿಚ್ಚು. ಆ ಸುಖ ಷಿಕಾಗೊ ತಲುಪುವವರೆಗೆ ಮಾತ್ರ ಇತ್ತು.

ಷಿಕಾಗೊ, ಮೊದಲ ವಾರ

ನಾನು ಇಳಿದುಕೊಂಡದ್ದು ಊರಾಚೆ ವಿಮಲೆಯ ಮನೆಯಲ್ಲಿ. ವಿಮಲೆ ನನ್ನ ಹೈಸ್ಕೂಲಿನ ಗೆಳತಿ. ಅವಳ ಗಂಡ ಆಸ್ಪತ್ರೆಯಲ್ಲಿ ಡಾಕ್ಟರು. ಎಂಟು ವರ್ಷದ ಮಗ ರವಿ ನಾನು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರ ಹೇಳಿ ಓಡಿಹೋಗುತ್ತಿದ್ದ. ಮೊದಲ ದಿನವೇ ವಿಮಲೆ ತನ್ನ ಗಂಡನ ಉಣ್ಣೆಯ ಕಾಲುಚೀಲ ಕೊಟ್ಟು, 'ಸೀರೆ ಕೆಳಗೆ ಯಾರಿಗೆ ಕಾಣತ್ತೆ, ಹಾಕ್ಕೊಳ್ಳೇ' ಎಂದಳು. ರೈಲು ನಿಲ್ದಾಣದ ಚಲಿಸುವ ಮೆಟ್ಟಿಲ ಮೇಲೆ ಎಲ್ಲರಿಗೂ ಕಂಡಿತು.

ಕಾಲೇಜಿನಲ್ಲಿ ಕಂಪ್ಯೂಟರು ಗಾಜಿನ ಗೋಡೆಯ ಆಚೆ ಇತ್ತು. ನಮ್ಮ ಗರ್ಭಗುಡಿಗೂ ಅಷ್ಟು ಮಡಿ ಇಲ್ಲ. ವಿದ್ಯಾರ್ಥಿಗಳು ತಮ್ಮ ಕಾರ್ಡಿನ ಕಟ್ಟನ್ನು ಒಂದು ಕಿಟಕಿಯಲ್ಲಿ ಕೊಡಬೇಕು, ಮಾರನೆಯ ಬೆಳಗ್ಗೆ ಅದೇ ಕಿಟಕಿಯಲ್ಲಿ ಹಾಳೆ ಸಿಗುತ್ತದೆ. ದಿನಕ್ಕೆ ಒಂದು ಸಲ! ಒಂದು ಇಡೀ ದಿನ ಕಾಯಬೇಕಲ್ಲಾ ಎಂದು ಅಲ್ಲಿಯ ಹುಡುಗರು ಗೊಣಗುತ್ತಿದ್ದರು. ಕೆಟ್ಟ ಕಾರ್ಡುಗಳ ಹಿಂಬದಿಯಲ್ಲಿ ತರಕಾರಿ ಪಟ್ಟಿ ಬರೆದುಕೊಳ್ಳುತ್ತಿದ್ದರು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂದುಕೊಂಡು ನಾನು ಕಸದ ಬುಟ್ಟಿಯಿಂದ ಇಪ್ಪತ್ತು ಕಾರ್ಡು ಆರಿಸಿ ಬ್ಯಾಗಿನಲ್ಲಿ ಹಾಕಿಕೊಂಡೆ.

ನನ್ನನ್ನು ಒಪ್ಪಿಸಿದ್ದು ಬೆನೀತೆಸ್ ಎಂಬ ಮೇಷ್ಟ್ರಿಗೆ. ದಪ್ಪ ಮೀಸೆ, ಸುಕ್ಕಾದ ಕೋಟು, ಮೆಕ್ಸಿಕೊದಿಂದ ಬಂದವರ ಮಗ. ಸ್ಪ್ಯಾನಿಷ್ ಮಾತಾಡುವ ಮನೆಗಳ ಮಕ್ಕಳನ್ನು ಕಂಪ್ಯೂಟರ್ ಡಿಗ್ರಿಗೆ ತಯಾರು ಮಾಡುವುದು ಅವರ ಹುಚ್ಚು. ಆ ಮಕ್ಕಳು ಹೈಸ್ಕೂಲಿನಲ್ಲಿ ಗಣಿತದಲ್ಲಿ ಜಾಣರಾಗಿದ್ದರೂ ಅಲ್ಲಿಯ ಸಲಹೆಗಾರರು ಹುಡುಗರನ್ನು ವೆಲ್ಡಿಂಗಿಗೆ, ಹುಡುಗಿಯರನ್ನು ಕಾರ್ಡಿಗೆ ತೂತು ಹೊಡೆಯುವ ಕೆಲಸಕ್ಕೆ ಕಳಿಸಿಬಿಡುತ್ತಿದ್ದರಂತೆ. 'ಯಂತ್ರಕ್ಕೆ ಏನು ಹೇಳಬೇಕು ಅಂತ ಯೋಚಿಸೋದು ಒಬ್ಬರು, ಅದನ್ನ ಕುಟ್ಟೋದು ನಮ್ಮ ಹುಡುಗೀರು' ಎಂದು ಬೆನೀತೆಸ್ ಹಲ್ಲು ಕಡಿದರು. (ಅವರೆಲ್ಲರ ಇಂಗ್ಲಿಷನ್ನು ನಾನು ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ.)

ಅದಕ್ಕೆ ಅವರು ಮಾಡಿದ್ದೇನು? ಸಂಜೆಯ ತರಗತಿಯನ್ನು ಬೆಳಗ್ಗೆಗೆ ತಂದರು, ಕತ್ತಲಾಗುವ ಮೊದಲು ಹುಡುಗಿಯರು ಮನೆ ಸೇರಲಿ ಎಂದು. ಇಬ್ಬಿಬ್ಬರನ್ನು ಜೋಡಿ ಮಾಡಿ ಕೂರಿಸಿದರು, ಒಬ್ಬರು ಸೋತರೆ ಇನ್ನೊಬ್ಬರು ಎಬ್ಬಿಸಲಿ ಎಂದು. ಎಲ್ಲಕ್ಕಿಂತ ಹೆಚ್ಚಾಗಿ, ಪ್ರತಿಯೊಬ್ಬರ ಮನೆಗೆ ಹೋಗಿ ಊಟ ಮಾಡಿ ಬರುತ್ತಿದ್ದರು.

'ಊಟಾನಾ?' ಎಂದೆ.

'ಹುಡುಗಿ ಒಬ್ಬಳನ್ನೇ ಸೇರಿಸ್ಕೊಂಡ್ರೆ ಆರು ತಿಂಗಳಲ್ಲಿ ಬಿಟ್ಟುಹೋಗ್ತಾಳೆ. ಮನೇನೂ ಸೇರಿಸ್ಕೋಬೇಕು' ಎಂದರು.

ನಾನು ಹದಿನಾಲ್ಕು ವರ್ಷ ಪಾಠ ಮಾಡಿದವಳು. ವಿದ್ಯಾರ್ಥಿನಿಯರ ಮನೆಗಳಲ್ಲಿ ನಾನೂ ಊಟ ಮಾಡಿದ್ದೇನೆ, ಎಲ್ಲವೂ ಮದುವೆ ಊಟ. ಆ ಮೀಸೆಯ ಮನುಷ್ಯನ ಮೇಲೆ ನನಗೆ ಅವತ್ತು ಬಂದ ಅಸೂಯೆ ಗಾಜಿನಾಚೆಯ ಯಂತ್ರದ ಮೇಲೂ ಬಂದಿರಲಿಲ್ಲ.

ಹದಿನೆಂಟನೆಯ ಬೀದಿ

ಬೆನೀತೆಸರ ವಿದ್ಯಾರ್ಥಿಗಳಲ್ಲಿ ಲೂಪೆ ಎಂಬ ಹತ್ತೊಂಬತ್ತರ ಹುಡುಗಿ ಇದ್ದಳು. ಎರಡು ಜಡೆ, ಮಸಿಯಾದ ಬೆರಳು, ಉತ್ತರ ಗೊತ್ತಿದ್ದರೂ ಕೈ ಎತ್ತದ ಸ್ವಭಾವ. ನನ್ನನ್ನು 'ಮಾಯೆಸ್ತ್ರಾ' ಎನ್ನುತ್ತಿದ್ದಳು. ನಮ್ಮಲ್ಲಿ ಟೀಚರಮ್ಮ ಅಂದ ಹಾಗೆ. ಅವಳನ್ನು ಕಂಡ ಮೊದಲ ದಿನವೇ ನನಗೆ ಸಾವಿತ್ರಿ ನೆನಪಾದಳು. ಅದೇ ಕಾರಣಕ್ಕೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ ಎಂದರೆ ಓದುಗರು ನನ್ನನ್ನು ಏನೆಂದುಕೊಳ್ಳುತ್ತಾರೋ.

ಅವಳ ಮನೆಯ ಊಟಕ್ಕೆ ಬೆನೀತೆಸ್ ನನ್ನನ್ನೂ ಕರೆದುಕೊಂಡು ಹೋದರು. ಮೆಕ್ಸಿಕೊದವರೇ ನೆಲೆಸಿದ್ದ ಹದಿನೆಂಟನೆಯ ಬೀದಿಯ ಅಂಗಡಿಗಳ ಮುಂದೆ ಒಣಮೆಣಸಿನಕಾಯಿಯ ಮೂಟೆ, ಹುಣಸೆಹಣ್ಣಿನ ಬುಟ್ಟಿ. ಮೂರು ವಾರದಿಂದ ಹಗಲೆಲ್ಲ ಕಾಲೇಜಿನ ಬ್ರೆಡ್ಡಿನ ವಾಸನೆಯಲ್ಲಿದ್ದ ನನ್ನ ಕಣ್ಣಲ್ಲಿ ನೀರು ಬಂತು. ಮನೆಯೊಳಗೆ ಗೋಡೆಯ ಮೂಲೆಯಲ್ಲಿ ನೀಲಿ ಸೆರಗಿನ ಅಮ್ಮನವರ ಪಟ, ಮುಂದೆ ಉರಿಯುವ ಮೇಣದ ಬತ್ತಿ, ಕಾಗದದ ಹೂ. ಒಲೆಯ ಮುಂದೆ ಅಜ್ಜಿ ಜೋಳದ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಕಾವಲಿಗೆ ಹಾಕುತ್ತಿದ್ದರು. ನಮ್ಮ ಉತ್ತರ ಕರ್ನಾಟಕದ ಅಜ್ಜಿಯೊಬ್ಬರನ್ನು ಅಲ್ಲಿ ಕೂರಿಸಿದರೆ ಒಂದು ಮಾತೂ ಆಡದೆ ಮುಂದಿನ ರೊಟ್ಟಿ ತಟ್ಟಬಹುದಿತ್ತು. ನಾನು ಮಾಂಸ ತಿನ್ನುವುದಿಲ್ಲ ಎಂದದ್ದಕ್ಕೆ ಅಜ್ಜಿ ಹುರುಳಿಯಂಥ ಕಾಳನ್ನು ಅರೆದು ಹುರಿದು ಬಡಿಸಿದರು. ಎರಡು ಸಲ ಹಾಕಿಸಿಕೊಂಡೆ. ಇಷ್ಟು ಘಮ ಹೇಗೆ ಬಂತು ಎಂದು ಕೇಳಿದೆ. ಹಂದಿಯ ಕೊಬ್ಬಿನಲ್ಲಿ ಹುರಿದರೆ ಹಾಗೇ, ಎಂದಳು ಲೂಪೆ. ಮಡಿ ಮಾಡಿಯೇ ಸತ್ತ ನಮ್ಮ ಸೋದರತ್ತೆ ಮೇಲಿನಿಂದ ನೋಡುತ್ತಿದ್ದರೆ ನೋಡಿಕೊಳ್ಳಲಿ ಎಂದು ತಟ್ಟೆ ಮುಗಿಸಿದೆ.

ಲೂಪೆಯ ಅಪ್ಪ ಮಿಠಾಯಿ ಕಾರ್ಖಾನೆಯಲ್ಲಿ ಕೆಲಸ ಮಾಡುವವರು. ಬಿಸಿ ಪಾಕ ಸಿಡಿದು ಕೈತುಂಬ ಕಲೆ, ಕೋಟಿನಲ್ಲಿ ಸಕ್ಕರೆ ಕಾಯಿಸಿದ ವಾಸನೆ. ಊಟ ಮುಗಿದ ಮೇಲೆ ಕೈ ಒರೆಸಿಕೊಂಡು ಹೇಳಿದರು:

'ಮೇಷ್ಟ್ರೇ, ಪೇಟೆಯ ವಿಮಾ ಆಫೀಸಿನಲ್ಲಿ ಇವಳಿಗೆ ಕೆಲಸ ಇದೆ. ಕಾರ್ಡಿಗೆ ತೂತು ಹೊಡೆಯೋದು. ಕೂತು ಮಾಡೋ ಕೆಲಸ, ಕೈ ಸುಡಲ್ಲ. ಸೋಮವಾರದ ಮುಂದಿನ ಸೋಮವಾರ ಬಾ ಅಂದಿದಾರೆ, ನಾನು ಹೂಂ ಅಂದಿದೀನಿ. ಅದೂ ಕಂಪ್ಯೂಟರೇ ಅಲ್ವಾ? ಅದಕ್ಕೆ ಯಾಕೆ ನಾಲ್ಕು ವರ್ಷ?'

ಲೂಪೆ ತಲೆ ತಗ್ಗಿಸಿದಳು. ಬೆನೀತೆಸ್ ವಿವರಿಸಿದರು. ಡೆಟ್ರಾಯ್ಟ್ ಪಕ್ಕದ ಡಿಯರ್‌ಬಾರ್ನಿನ ಒಂದು ಕಾಲೇಜು ಇಂಥ ಮಕ್ಕಳಲ್ಲಿ ಒಬ್ಬರಿಗೆ ನಾಲ್ಕು ವರ್ಷದ ಡಿಗ್ರಿಗೆ ಸೀಟನ್ನೂ ಹಾಸ್ಟೆಲನ್ನೂ ಪುಕ್ಕಟೆ ಕೊಡುತ್ತದೆ. ಮುಂದಿನ ಶುಕ್ರವಾರ ಇಂಟರ್‌ವ್ಯೂ. ಸ್ವಂತ ಬರೆದ ಪ್ರೋಗ್ರಾಮು, ಅದು ಕೊಟ್ಟ ಸರಿಯಾದ ಉತ್ತರದ ಹಾಳೆ ಎರಡನ್ನೂ ತರಬೇಕು.

ಅಪ್ಪ ಮಗಳ ಕಡೆ ತಿರುಗಿದರು. 'ಶುಕ್ರವಾರದವರೆಗೆ ನೋಡೋಣ. ಸಿಗದಿದ್ರೆ ಸೋಮವಾರ ಆಫೀಸು' ಎಂದರು.

ಸಾವಿತ್ರಿಯ ಅಪ್ಪ ಶುಕ್ರವಾರವನ್ನೂ ಕೊಟ್ಟಿರಲಿಲ್ಲ.

ಆ ಮಂಗಳವಾರ

ಲೂಪೆಯ ಪ್ರೋಗ್ರಾಮು ಸರಳವಾದದ್ದು. ಅವರ ಬೀದಿಯ ಚಿಕಿತ್ಸಾಲಯಕ್ಕೆ ಸೂಜಿ ಹಾಕಿಸಿಕೊಳ್ಳಲು ದಿನಾ ಎಷ್ಟು ಮಕ್ಕಳು ಬಂದರು ಎಂಬುದು ಕಾರ್ಡುಗಳಲ್ಲಿತ್ತು. ವಾರಕ್ಕೆ ಆರು ದಿನ, ಹನ್ನೆರಡು ವಾರ, ಎಪ್ಪತ್ತೆರಡು ಕಾರ್ಡು. ಪ್ರತಿ ವಾರದ ಮೊತ್ತ ಹೇಳಬೇಕು, ಅಷ್ಟೆ. ಯಂತ್ರ ಹೇಳಿದ ಮೊತ್ತ ವಾರದಿಂದ ವಾರಕ್ಕೆ ಬೆಳೆಯುತ್ತಲೇ ಹೋಗುತ್ತಿತ್ತು. ಚಿಕಿತ್ಸಾಲಯದ ದಾದಿ ಹಿಗ್ಗಿಹೋದರಂತೆ. ಲೂಪೆ ಹಿಗ್ಗಲಿಲ್ಲ. 'ನಮ್ಮ ಬೀದೀಲಿ ಅಷ್ಟು ಮಕ್ಕಳೇ ಇಲ್ಲ, ಮಾಯೆಸ್ತ್ರಾ' ಎಂದು ಮಂಗಳವಾರ ಬೆಳಗ್ಗೆ ಹಾಳೆ ತಂದು ನನ್ನ ಮುಂದೆ ಹರಡಿದಳು. ಬೆನೀತೆಸ್ ಆ ವಾರ ಜ್ವರ ಹಿಡಿದು ಮಲಗಿದ್ದರು.

ನನಗೆ ತಪ್ಪು ಕಾಣಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ವಾರ ಬದಲಾದಾಗ ಮೊತ್ತವನ್ನು ಸೊನ್ನೆ ಮಾಡಬೇಕು. ಅವಳು ಸೊನ್ನೆ ಮಾಡುವ ಸಾಲನ್ನು ಎಲ್ಲಕ್ಕಿಂತ ಮೇಲೆ ಒಂದೇ ಸಲ ಬರೆದಿದ್ದಳು. ಹೋದ ವಾರದ್ದರ ಮೇಲೆ ಈ ವಾರದ್ದು ಪೇರಿಕೊಳ್ಳುತ್ತಿತ್ತು. ಸ್ಲೇಟಿನ ಆಟದಲ್ಲಿ ನಮ್ಮ ಹುಡುಗಿಯರು ಇದನ್ನು ನೂರು ಸಲ ಹಿಡಿದಿದ್ದಾರೆ.

ಹೇಳಲು ಬಾಯಿ ತೆರೆದೆ. ಹೇಳಲಿಲ್ಲ.

ಯಾಕೆ ಹೇಳಲಿಲ್ಲವೆಂದು ಮುಚ್ಚಿಡದೆ ಬರೆಯುತ್ತೇನೆ. ಇವಳಿಗೆ ದಿನಾ ಯಂತ್ರ ಇದೆ, ಮನೆಗೆ ಬರುವ ಮೇಷ್ಟ್ರಿದ್ದಾರೆ, ಕಾಯುವ ಸೀಟಿದೆ. ನನ್ನ ಸಾವಿತ್ರಿಗೆ ಏನಿತ್ತು? ಹುಡುಕಿಕೊಳ್ಳಲಿ, ಸ್ವಲ್ಪ ಕಷ್ಟಪಡಲಿ ಎಂದುಕೊಂಡೆ. 'ಇನ್ನೊಂದ್ಸಲ ನೋಡು' ಎಂದು ಹಾಳೆ ಮಡಿಸಿ ಕೊಟ್ಟೆ. ಮೇಷ್ಟ್ರುಗಳು ಇಂಥ ಮಾತನ್ನು ಎಂಥ ಗಾಂಭೀರ್ಯದಲ್ಲಿ ಬೇಕಾದರೂ ಹೇಳಬಲ್ಲರು.

ಅವಳು ನೋಡಿದ್ದು ಬೇರೆಯೇ ಕಡೆ. ಎಣಿಕೆಯ ಕಾರ್ಡುಗಳಿಗೆ ತೂತು ಹೊಡೆಯುವಾಗ ಬೆರಳು ತಪ್ಪಿರಬೇಕೆಂದು ಅಷ್ಟೂ ಎಪ್ಪತ್ತೆರಡನ್ನು ಹೊಸದಾಗಿ ಹೊಡೆದಳು. ಬುಧವಾರದ ಹಾಳೆಯಲ್ಲೂ ಅದೇ ಉತ್ತರ. ಬುಧವಾರ ಮತ್ತೆ ಕೂತಳು. ಚಿಕ್ಕಂದಿನಿಂದ ಎಲ್ಲರೂ ಅವಳಿಗೆ ನಿನ್ನ ಬೆರಳು ಚುರುಕು ಎಂದೇ ಹೇಳಿದ್ದರು. ಆದ್ದರಿಂದ ತಪ್ಪೂ ಬೆರಳಿನಲ್ಲೇ ಇರಬೇಕೆಂದು ನಂಬಿದ್ದಳು. ಬರೆದದ್ದರಲ್ಲಿ, ಯೋಚಿಸಿದ್ದರಲ್ಲಿ ತಪ್ಪಿರಬಹುದೆಂದು ಅವಳಿಗೆ ಹೊಳೆಯಲಿಲ್ಲ. ಆ ಭಾಗ ತನ್ನದೆಂದೇ ಅವಳು ಎಣಿಸಿರಲಿಲ್ಲವೇನೋ. ನಾನು ಬಾಗಿಲ ಹತ್ತಿರ ನಿಂತು ತೂತು ಹೊಡೆಯುವ ಯಂತ್ರದ ಟಕಟಕ ಕೇಳುತ್ತಿದ್ದೆ.

ಸಂಜೆ ವಿಮಲೆ ಕೇಳಿದಳು. 'ಏನೇ ಸರೋಜಾ, ಮುಖ ಹೀಗ್ಯಾಕೆ ಹುಳ್ಳಗೆ? ನಿಮ್ಮ ಹುಡುಗೀದು ಕಂಪ್ಯೂಟರ್ ವರ್ಕ್ ಆಯ್ತಾ?'

'ನಮ್ಮ ಹುಡುಗಿ ಏನಲ್ಲ ಅವಳು' ಎಂದೆ.

'ಅಯ್ಯೋ, ನಾನೇನಂದೆ ಈಗ?' ಎಂದು ಅವಳು ಸಾರಿಗೆ ಒಗ್ಗರಣೆ ಹಾಕಲು ಹೋದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಗಿತ್ತು ನನ್ನ ಸ್ಥಿತಿ. ಅರ್ಧ ಊಟಕ್ಕೇ ಎದ್ದೆ. ಗುರುವಾರ ಬೆಳಗ್ಗೆಯ ಕಿಟಕಿಯೇ ಕೊನೆಯದು. ಅವತ್ತಿನ ಹಾಳೆ ಕೈಗೆ ಬರುವುದು ಶುಕ್ರವಾರ ಮುಂಜಾನೆ, ಹೊರಡುವ ಹೊತ್ತಿಗೆ. ಕೈ ತೊಳೆದು ವಿಮಲೆಯ ಗಂಡನಿಗೆ, 'ನನ್ನನ್ನ ಹದಿನೆಂಟನೇ ಬೀದಿಗೆ ಬಿಡ್ತೀರಾ?' ಎಂದೆ. ಪಾಪ, ಆ ಮನುಷ್ಯ ಊಟ ಬಿಟ್ಟು ಡ್ರೈವ್ ಮಾಡಿದರು.

ಮತ್ತೆ ಹದಿನೆಂಟನೆಯ ಬೀದಿ

ಹೋದ ಕೂಡಲೇ ತಪ್ಪನ್ನು ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಬಾಗಿಲು ತೆರೆದದ್ದು ಅಪ್ಪ. ಒಳಗೆ ಲೂಪೆ ಮೇಜಿನ ಮೇಲೆ ಕಾರ್ಡು ಹರಡಿಕೊಂಡು ಅಳುತ್ತಿದ್ದಳು. 'ಇದು ಇವಳಿಗೆ ಆಗಲ್ಲ, ಮೇಡಂ. ಎರಡು ದಿನದಿಂದ ಕುಟ್ತಾನೇ ಇದಾಳೆ' ಎಂದರು ಅಪ್ಪ. ಅವರಿಗೆ ಮಗಳು ಕುಟ್ಟುವುದು ಮಾತ್ರ ಕಂಡಿತ್ತು. ನಾನು ಈಗ ತಪ್ಪು ಹೇಳಿದರೆ ಇವರಿಗೆ ಕಾಣುವುದೂ ಅಷ್ಟೇ ಎನಿಸಿತು.

'ಸ್ಲೇಟು ಇದೆಯಾ ಮನೆಯಲ್ಲಿ?' ಎಂದೆ. ಇರಲಿಲ್ಲ. ಅಜ್ಜಿಯ ಹಿಟ್ಟಿನ ಡಬ್ಬಿ ಕಂಡಿತು. ನಮ್ಮಲ್ಲಿ ಮಗುವಿಗೆ ಮೊದಲ ಅಕ್ಷರ ಬರೆಸುವುದು ತಟ್ಟೆಯಲ್ಲಿ ಅಕ್ಕಿ ಹರಡಿ. ಮೂರು ತಟ್ಟೆ ಕೇಳಿ ತೆಳ್ಳಗೆ ಜೋಳದ ಹಿಟ್ಟು ಹರಡಿದೆ. ಬೆರಳಲ್ಲಿ ಬರೆಯುವುದು, ತಟ್ಟೆ ಅಲುಗಿಸಿದರೆ ಅಳಿಸಿಹೋಗುತ್ತದೆ.

ಲೂಪೆಯ ತಮ್ಮನಿಗೆ ವಾರದ ತಟ್ಟೆ ಕೊಟ್ಟೆ, ಅಮ್ಮನಿಗೆ ದಿನದ ತಟ್ಟೆ. ಎಣಿಕೆಯ ಕಾರ್ಡುಗಳನ್ನು ಒಂದೊಂದಾಗಿ ತೆಗೆದು ಮೇಲಂಚಿನಲ್ಲಿ ಅಚ್ಚಾಗಿರುವ ಅಂಕಿ ಓದುವ ಕೆಲಸ ಅಜ್ಜಿಗೆ. ಅಪ್ಪನ ಮುಂದೆ ಮೊತ್ತದ ತಟ್ಟೆ ಇಟ್ಟೆ. 'ಲೂಪೆ ತನ್ನ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದುತ್ತಾಳೆ. ಹೇಳಿದಷ್ಟೇ ಮಾಡಿ. ಹೇಳದೆ ಬರೆಯಬೇಡಿ, ಹೇಳದೆ ಅಳಿಸಬೇಡಿ. ಯಂತ್ರಕ್ಕೆ ಸ್ವಂತ ಬುದ್ಧಿ ಇಲ್ಲ' ಎಂದೆ.

'ಕಾರ್ಖಾನೇಲೂ ಹಾಗೇ ಹೇಳ್ತಾರೆ' ಎಂದರು ಅಪ್ಪ.

ಲೂಪೆ ಓದಿದಳು. ಮೊತ್ತ ಸೊನ್ನೆ. ಅಪ್ಪ ಕಲೆಬಿದ್ದ ದಪ್ಪ ಬೆರಳಲ್ಲಿ ಸೊನ್ನೆ ಬರೆದರು. ತಮ್ಮ ಒಂದನೆಯ ವಾರ ಎಂದು ಬರೆದ, ಅಮ್ಮ ಒಂದನೆಯ ದಿನ. ಅಜ್ಜಿ ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು: ನಾಲ್ಕು. ಆಮೇಲೆ ಏಳು, ಮೂರು, ಆರು, ಐದು, ಎರಡು. ಅಪ್ಪ ಪ್ರತಿ ಸಲವೂ ಕೂಡಿಸಿ, ಅಲುಗಿಸಿ, ಹೊಸ ಮೊತ್ತ ಬರೆಯುತ್ತಿದ್ದರು. ಮೊದಲ ವಾರ ಮುಗಿದಾಗ ಅವರ ತಟ್ಟೆಯಲ್ಲಿ ಇಪ್ಪತ್ತೇಳು. ಲೂಪೆ ಅದನ್ನು ಬರೆದುಕೊಂಡಳು. ತಮ್ಮ ಎರಡನೆಯ ವಾರ ಎಂದು ಬರೆದ. ಅಜ್ಜಿ ಓದಿದರು: ಐದು.

ಅಪ್ಪನ ಬೆರಳು ಹಿಟ್ಟಿನ ಮೇಲೆ ನಿಂತಿತು. 'ಮೂವತ್ತೆರಡಾ?' ಎಂದರು. 'ಹೋದ ವಾರದ್ದು ಇನ್ನೂ ನನ್ನ ತಟ್ಟೇಲೇ ಇದೆಯಲ್ಲ. ಅದನ್ನ ಅಳಿಸು ಅಂತ ನಂಗೆ ಯಾರೂ ಹೇಳಲಿಲ್ಲ. ಅಳಿಸಲಾ ಬೇಡವಾ?'

ಲೂಪೆ ಕಿರುಚಿದ ರಭಸಕ್ಕೆ ಕೆಳಗಿನ ಮನೆಯವರು ಚಾವಣಿಗೆ ಪೊರಕೆಯಲ್ಲಿ ಕುಟ್ಟಿದರು. ಅವಳು ಮೇಜಿನ ಮೇಲಿನ ಕಟ್ಟಿನಿಂದ ಮೊತ್ತ ಸೊನ್ನೆ ಎಂಬ ಕಾರ್ಡನ್ನು ಎಳೆದು, ಅದರ ಕೆಳಗಿದ್ದ ವಾರ ಬದಲಿಸುವ ಕಾರ್ಡಿನ ಹಿಂದೆ ತೂರಿಸಿದಳು. ಒಂದೇ ಜಾಗ ಕೆಳಗೆ. ಹೊಸದಾಗಿ ಒಂದು ತೂತೂ ಹೊಡೆಯಬೇಕಾಗಿರಲಿಲ್ಲ.

ಅಪ್ಪ ತಟ್ಟೆಯನ್ನೇ ನೋಡುತ್ತಿದ್ದರು. 'ಯಾವಾಗ ಬರೀಬೇಕು, ಯಾವಾಗ ಅಳಿಸಬೇಕು, ಇದನ್ನೆಲ್ಲ ನೀನು ಯೋಚನೆ ಮಾಡಿ ಬರೆದದ್ದಾ?' ಎಂದು ಮಗಳನ್ನು ಕೇಳಿದರು. 'ಇದು ಕುಟ್ಟೋ ಕೆಲಸ ಅಲ್ಲ.'

'ಅಲ್ಲಪ್ಪ' ಎಂದಳು ಲೂಪೆ.

'ಶುಕ್ರವಾರ ಡಿಯರ್‌ಬಾರ್ನಿಗೆ ನಾನೇ ಕರಕೊಂಡು ಹೋಗ್ತೀನಿ. ರಜ ಹಾಕ್ತೀನಿ.'

ನಾನು ಸಂತೋಷಪಡಬೇಕಾಗಿತ್ತು. ಪಟ್ಟೆ ಕೂಡ. ಆದರೆ ಆ ಸಂತೋಷದ ಅಡಿಯಲ್ಲೇ ಹಳೆಯ ಕಿಚ್ಚು ಹೊತ್ತಿಕೊಂಡಿತು. ಈಗ ಅದು ಯಂತ್ರದ ಮೇಲಲ್ಲ, ಬೆನೀತೆಸ್ ಮೇಲೂ ಅಲ್ಲ. ಹಿಟ್ಟಿನ ತಟ್ಟೆ ಹಿಡಿದು ಕೂತ ಆ ಅಪ್ಪನ ಮೇಲೆ. ಇಂಥದೊಂದು ತಟ್ಟೆಯನ್ನು ಸಾವಿತ್ರಿಯ ಅಪ್ಪನ ಕೈಗೆ ಯಾರು ಕೊಟ್ಟರು? ಸ್ಲೇಟುಗಳೆಲ್ಲ ನನ್ನ ಹತ್ತಿರವೇ ಇದ್ದವು.

ಮಿಷಿಗನ್ ದಾರಿ

ಶುಕ್ರವಾರ ಬೆಳಗ್ಗೆ ಕಿಟಕಿ ತೆರೆದ ಕೂಡಲೇ ಹಾಳೆ ಸಿಕ್ಕಿತು. ಸರಿಯಾಗಿತ್ತು. ಇಂಟರ್‌ವ್ಯೂ ಮಧ್ಯಾಹ್ನ, ದಾರಿ ಸುಮಾರು ಇನ್ನೂರೆಂಬತ್ತು ಮೈಲಿ. ಜ್ವರದಲ್ಲಿದ್ದ ಬೆನೀತೆಸರ ಬದಲು ನಾನೂ ಜೊತೆಗೆ ಹೊರಟೆ. ಲೂಪೆಯ ಅಪ್ಪ ಮದುವೆಗೆ ಹೋಗುವಂತೆ ಹ್ಯಾಟು ಹಾಕಿಕೊಂಡು ಬಂದಿದ್ದರು. ಅಜ್ಜಿ ರೊಟ್ಟಿ ಕಟ್ಟಿಕೊಟ್ಟು, ನನ್ನ ಪಾಲಿನ ಕಾಳನ್ನು ಎಣ್ಣೆಯಲ್ಲೇ ಹುರಿದದ್ದೆಂದು ಎರಡು ಸಲ ಹೇಳಿ ಕಳಿಸಿದ್ದರು. ರಸ್ತೆಯ ಎರಡೂ ಬದಿಗೆ ಕೊಳಕಾದ ಹಿಮ, ಎಲೆಯಿಲ್ಲದ ಮರಗಳು. ಹೊರಗೆ ಮೂವತ್ತು ಡಿಗ್ರಿ ಎಂದು ರೇಡಿಯೋ ಹೇಳಿತು. ನಮ್ಮ ಲೆಕ್ಕದಲ್ಲಿ ಅದು ಬೇಸಿಗೆಯ ಮಧ್ಯಾಹ್ನ, ಅವರ ಲೆಕ್ಕದಲ್ಲಿ ನೀರು ಹೆಪ್ಪುಗಟ್ಟುವ ಚಳಿ.

ಅರ್ಧ ದಾರಿಯಲ್ಲಿ ಕಾರಿಗೆ ಪೆಟ್ರೋಲ್ ಹಾಕಿಸಲು ಅಪ್ಪ ಇಳಿದರು. ಲೂಪೆ ಕಾರ್ಡಿನ ಕಟ್ಟನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

'ನಂಗೆ ಮಂಗಳವಾರವೇ ಗೊತ್ತಿತ್ತು' ಎಂದೆ.

'ಏನು?'

'ತಪ್ಪು ಎಲ್ಲಿದೆ ಅಂತ. ಗೊತ್ತಿದ್ದೂ ಹೇಳಲಿಲ್ಲ.'

ಅವಳು ನನ್ನ ಮುಖ ನೋಡಿದಳು. ತನ್ನ ಬೆರಳು ನೋಡಿಕೊಂಡಳು. 'ಎಪ್ಪತ್ತೆರಡು ಕಾರ್ಡು. ಎರಡು ಸಲ' ಎಂದಳು. ಬೈದಿದ್ದರೆ ಹಗುರವಾಗುತ್ತಿತ್ತು. 'ಯಾಕೆ, ಮಾಯೆಸ್ತ್ರಾ?'

ಸಾವಿತ್ರಿಯ ಕತೆ ಹೇಳಿದೆ. ಬೀರುವಿನಲ್ಲಿರುವ ಹಾಳೆಯವರೆಗೂ ಹೇಳಿದೆ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು ಎಂದೂ ಹೇಳಿದೆ. ನಲವತ್ತು ದಾಟಿದ ಹೆಂಗಸು ಹತ್ತೊಂಬತ್ತರ ಹುಡುಗಿಗೆ ಇದನ್ನು ಹೇಳುವುದು ಸುಲಭವಲ್ಲ.

ಅವಳು ಕ್ಷಮಿಸಿದೆ ಎನ್ನಲಿಲ್ಲ. ಕಿಟಕಿಯ ಹೊರಗೆ ನೋಡುತ್ತ, 'ಆ ಹಾಳೆ ನಿಮ್ಮ ಹತ್ರ ಯಾಕಿದೆ? ಅದು ಅವಳದ್ದು' ಎಂದಳು. ಅಪ್ಪ ಬಂದು ಬಾಗಿಲು ತೆರೆದರು, ತಣ್ಣನೆ ಗಾಳಿ ನುಗ್ಗಿತು. ಆಮೇಲೆ ಡಿಯರ್‌ಬಾರ್ನಿನ ಎಕ್ಸಿಟ್ ಬರುವವರೆಗೂ ಅವಳು ನನ್ನೊಡನೆ ಮಾತಾಡಲಿಲ್ಲ.

ಡಿಯರ್‌ಬಾರ್ನ್

ಕಾಲೇಜಿನ ಕಾರಿಡಾರಿನಲ್ಲಿ ಒಂದು ಬೆಂಚು. ಲೂಪೆ 'ಬರ್ತೀನಿ' ಎಂಬಂತೆ ಅಪ್ಪನಿಗೆ ತಲೆಯಾಡಿಸಿ ಒಳಗೆ ಹೋದಳು. ನಾನೂ ಅಪ್ಪನೂ ಕೂತೆವು. ಅವರು ಹ್ಯಾಟನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸುತ್ತಿದ್ದರು. ಹೆರಿಗೆ ವಾರ್ಡಿನ ಹೊರಗೆ ಕೂತ ಗಂಡಸರ ಹಾಗೆ ಇದ್ದರು. ಅರ್ಧ ಗಂಟೆಯ ಮೇಲೆ ಬಾಗಿಲು ತೆರೆದು ಕನ್ನಡಕದ ಹೆಂಗಸೊಬ್ಬರು ಇಣುಕಿದರು.

'ಮೊತ್ತದ ತಟ್ಟೆ ಹಿಡಿದವರು ನೀವೇನಾ?' ಎಂದು ಅಪ್ಪನನ್ನು ಕೇಳಿದರು. 'ತಪ್ಪು ಹೇಗೆ ಸಿಕ್ತು ಅಂತ ಕೇಳಿದ್ವಿ. ನಿಮ್ಮ ಮಗಳು, ನಮ್ಮಪ್ಪನಿಗೇ ಸಿಕ್ಕಿದ್ದು ಅಂದಳು. ಒಳಗೆ ಬಂದು ತೋರಿಸ್ತೀರಾ?'

ಅಪ್ಪ ಒಳಗೆ ಹೋದರು. ಬಾಗಿಲು ಮುಚ್ಚಿತು. ನನ್ನ ಆಟ, ನನ್ನ ತಟ್ಟೆ, ಹದಿನಾಲ್ಕು ವರ್ಷದ ನನ್ನ ಮೇಷ್ಟ್ರಗಿರಿ, ಎಲ್ಲವೂ ಒಳಗೆ. ನಾನು ಮಾತ್ರ ಹೊರಗೆ ಬೆಂಚಿನ ಮೇಲೆ ಇಂಗು ತಿಂದ ಮಂಗನ ಹಾಗೆ. ಒಳಗಿನಿಂದ ನಗು ಕೇಳಿಸಿತು. ಹೊಟ್ಟೆಕಿಚ್ಚು ಅಂದರೆ ಇದಪ್ಪಾ ಎಂದುಕೊಂಡೆ. ಇದಕ್ಕೆ ನಾನು ಅರ್ಹಳು ಎಂದೂ ಅನ್ನಿಸಿತು.

ಸೀಟು ಸಿಕ್ಕಿತು. ಅಪ್ಪ ಹೊರಗೆ ಬಂದು ನನ್ನ ಎರಡೂ ಕೈ ಹಿಡಿದು ಅಲುಗಿಸಿದರು. ಸೋಮವಾರದ ಆಫೀಸಿಗೆ ತಾವೇ ಹೋಗಿ ಇಲ್ಲ ಎಂದು ಹೇಳಿ ಬರುವುದಾಗಿ ಹೇಳಿದರು. ಹಿಂದೆ ನಿಂತಿದ್ದ ಲೂಪೆ ತನ್ನ ಹಳೆಯ ಕಟ್ಟಿನಿಂದ ಒಂದು ಕಾರ್ಡು ತೆಗೆದು ನನಗೆ ಕೊಟ್ಟಳು. ಮೊತ್ತವನ್ನು ಸೊನ್ನೆ ಮಾಡುವ ಕಾರ್ಡು. 'ಅವಳಿಗೆ ಕೊಡಿ' ಎಂದಳು. ನನಗೆ ಅಂತ ಅಲ್ಲ.

ನಂಜನಗೂಡು

ಮೈಸೂರಿಗೆ ಬಂದ ಎರಡನೆಯ ಭಾನುವಾರ ಬೀರುವಿನಿಂದ ಹಾಳೆ ತೆಗೆದುಕೊಂಡು ನಂಜನಗೂಡಿನ ರೈಲು ಹತ್ತಿದೆ. ಸಾವಿತ್ರಿಯ ಗಂಡ ಅಲ್ಲಿ ಹೈಸ್ಕೂಲಿನಲ್ಲಿ ಗುಮಾಸ್ತರು. ಬಾಗಿಲು ತೆರೆದವಳ ಕಂಕುಳಲ್ಲಿ ಮೂರು ವರ್ಷದ ಮಗಳಿದ್ದಳು.

'ಅಯ್ಯೋ, ಮೇಡಂ! ಬನ್ನಿ ಬನ್ನಿ. ಅಮೆರಿಕಾಗೆ ಹೋಗಿದ್ರಂತೆ?' ಎಂದಳು. ಒಳಗಿನಿಂದ ಅತ್ತೆ, 'ಯಾರಮ್ಮಾ ಅದು?' ಎಂದರು.

ನಾನು ಕೂರುವ ಮೊದಲೇ ಹಾಳೆ ಹೊರಗೆ ತೆಗೆದೆ. ಮಡಿಕೆಗಳಲ್ಲಿ ಹಳದಿಯಾಗಿತ್ತು. ಅವಳು ಕೈ ಚಾಚಲಿಲ್ಲ. ದೂರದಿಂದಲೇ ನೋಡಿ, 'ತೊಂಬತ್ತೈದು ಬಂತಾ, ಮೇಡಂ?' ಎಂದಳು.

ನಾನು ಹಾಳೆ ಬಿಡಿಸಿ ನೋಡಿದೆ. ಹಾಳೆಯ ಕೊನೆಯ ಸಾಲಿನಲ್ಲಿ ತೊಂಬತ್ತೈದು ಎಂದೇ ಇತ್ತು.

'ಮದುವೆಯಾಗಿ ಬಂದ ವರ್ಷ ಮಧ್ಯಾಹ್ನ ಎಲ್ಲರೂ ಮಲಗಿದಾಗ ಹುಣಸೆ ಬೀಜ ಇಟ್ಕೊಂಡು ನಾನೇ ಓಡಿಸ್ದೆ. ಒಂದು ತಿಂಗಳು ಹಿಡೀತು. ಯಂತ್ರ ಏನಂತೋ ಅಂತ ಒಂದು ಅನುಮಾನ ಇತ್ತು, ಅಷ್ಟೆ.'

ನಾಲ್ಕು ವರ್ಷ ಆ ಅನುಮಾನವನ್ನು ನಾನು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೆ. ತಪ್ಪಾಯಿತು ಎಂದು ಅವಳಿಗೆ ಹೇಳಿ, ಲೂಪೆಯ ಕಾರ್ಡು ಕೊಟ್ಟು ಎಲ್ಲವನ್ನೂ ತಿಳಿಸಿದೆ. ಅವಳು ಕಾರ್ಡನ್ನು ಬೆಳಕಿಗೆ ಹಿಡಿದು ತೂತುಗಳ ಮೂಲಕ ಬೀದಿ ನೋಡುತ್ತ ಕೇಳಿಸಿಕೊಂಡಳು.

'ಆ ಹುಡುಗಿಗೆ ದಿನಾ ಯಂತ್ರ ಸಿಗ್ತಿತ್ತಾ?'

'ಹೂಂ. ದಿನಕ್ಕೊಂದ್ಸಲ.'

'ದಿನಕ್ಕೊಂದ್ಸಲ' ಎಂದಳು. ಅವಳ ತುಟಿ ಬಿಗಿಯಾಯಿತು, ಮೂಗಿನ ತುದಿ ಕೆಂಪಾಯಿತು. ಆರು ವಾರ ನಾನು ಕನ್ನಡಿಯಲ್ಲಿ ದಿನಾ ನೋಡಿದ್ದ ಮುಖ ಅದು. ನನಗೆ ಗುರುತು ಸಿಕ್ಕದೆ ಇರುತ್ತದೆಯೇ? ಬೇಡದ ವಸ್ತುವಿನ ಮೇಲೆ ಯಾರಿಗೂ ಹೊಟ್ಟೆಕಿಚ್ಚು ಬರುವುದಿಲ್ಲ.

ಬ್ಯಾಗಿನಲ್ಲಿ ಅವಳಿಗೆಂದೇ ತಂದ ಎಂ.ಎಸ್ಸಿ.ಯ ಅರ್ಜಿ ಇತ್ತು. ಅದನ್ನು ಆಗಲೇ ತೆಗೆಯಲಿಲ್ಲ.

'ನಿಮ್ಮ ಯಜಮಾನರು ಎಷ್ಟು ಹೊತ್ತಿಗೆ ಬರ್ತಾರೆ?'

'ಪೇಟೆಗೆ ಹೋಗಿದಾರೆ. ಊಟದ ಹೊತ್ತಿಗೆ ಬರ್ತಾರೆ. ಯಾಕೆ ಮೇಡಂ?'

'ಹಾಗಾದ್ರೆ ಇಲ್ಲೇ ಊಟ ಮಾಡ್ತೀನಿ' ಎಂದು ಚಾಪೆಯ ಮೇಲೆ ಗಟ್ಟಿಯಾಗಿ ಕೂತೆ. 'ನಿಮ್ಮತ್ತೇನೂ ಕರಿ. ಮೂರು ತಟ್ಟೆ ತಗೊಂಡು ಬಾ, ಅಕ್ಕಿ ಹಿಟ್ಟು ಇದ್ರೆ ಅದನ್ನೂ ತಾ.'